ಹತ್ತರ ಕಾಯಿನ್ ನಡಿಯಂಗಿಲ್ರಿ ಸರ್

ನಾನು ಕಲಬುರಗಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಮನುಷ್ಯ. ಮನೆಯಲ್ಲಿ ಮಾತ್ರ ದುಡ್ಡಿನ ಮಾತು ಎತ್ತುವ ಹಾಗಿಲ್ಲ. ನಡೆಯುವ ದುಡ್ಡೆಲ್ಲ ಹೆಂಡತಿಯ ಉಸ್ತುವಾರಿ. ನನಗೆ ಉಳಿದಿರುವುದು ನಡೆಯದ ದುಡ್ಡು, ಅಂದರೆ ಹಳೇ ನಾಣ್ಯ ಕೂಡಿಸುವ ಹುಚ್ಚು.

ಈ ಹುಚ್ಚಿಗೆ ತಕ್ಕ ಊರೇ ಇದು. 1347ರಲ್ಲಿ ದಿಲ್ಲಿಯ ತುಘಲಕನಿಂದ ಬೇರೆಯಾದ ಬಹಮನಿಗಳ ಮೊದಲ ರಾಜಧಾನಿ ಅಲ್ವಾ? ಹೋದ ವರ್ಷ 200 ರೂಪಾಯಿ ಕೊಟ್ಟು ಬಹಮನಿ ಕಾಲದ್ದೊಂದು ತಾಮ್ರದ ಕಾಸು ತಂದೆ. ಬಹಮನಿ ಕಾಲದ್ದು ಅಂತ ಮಾರಿದವನು ಹೇಳಿದ, ನಾನು ನಂಬಿದೆ. ಹಸಿರುಗಟ್ಟಿದ ಕಾಸು, ಅಂಚಿನಲ್ಲಿ ಯಾವುದೋ ಅಕ್ಷರದ ಬಾಲ. ಆ ಕಿಲುಬೇ ಅದರ ಬೆಲೆ. ದೀಪಾವಳಿ ಹಿಂದಿನ ದಿನ ನಮ್ಮಾಕೆ ದೇವರ ಸಾಮಾನಿನ ಜೊತೆ ಅದಕ್ಕೂ ಹುಣಸೆಹುಳಿ ಹಚ್ಚಿ ತಿಕ್ಕಿದಳು. ‘ಎಷ್ಟು ಹೊಲಸಾಗಿತ್ರೀ, ನೋಡ್ರಿ ಈಗ!’ ನೋಡಿದೆ. ಫಳಫಳ ಹೊಳೆಯುತ್ತಿತ್ತು. ಅಕ್ಷರದ ಬಾಲವೂ ಮಾಯ.

ಇನ್ನು ಹಳೇದರ ಸಹವಾಸ ಬೇಡ ಅಂತ ಹತ್ತು ರೂಪಾಯಿ ನಾಣ್ಯಕ್ಕೆ ಇಳಿದೆ. ಅಲ್ಲಿಯವರೆಗೆ ಇದರಲ್ಲಿ 14 ವಿನ್ಯಾಸಗಳು ಬಂದಿವೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿತ್ತು. ಆ ಹದಿನಾಲ್ಕನ್ನೂ ಕೂಡಿಸಬೇಕು ಅನ್ನಿಸಿತು. ಬ್ಯಾಂಕಿಗೆ ಹೋಗಿ ಹತ್ತರ ಚಿಲ್ಲರೆ ಕೇಳಿದೆ. ಕ್ಯಾಷಿಯರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾನು ಎಲ್ಲಿ ಮನಸ್ಸು ಬದಲಾಯಿಸುತ್ತೇನೋ ಅಂತ ಗಡಬಡಿಸಿ 100 ನಾಣ್ಯದ ಚೀಲ ಕೈಗಿಟ್ಟ.

ರಾತ್ರಿಯೆಲ್ಲ ಭೂತಗನ್ನಡಿ ಹಿಡಿದು ಕೂತೆ. 13 ಬಗೆ ಸಿಕ್ಕವು. ಮಿಕ್ಕ 87 ನಾಣ್ಯ ಖರ್ಚು ಮಾಡಿದರಾಯಿತು ಅಂದುಕೊಂಡೆ.

ಬೆಳಿಗ್ಗೆ ಪುಂಡಿಪಲ್ಯ ಮಾರುವ ಅಜ್ಜಿಗೆ ಎರಡು ಕೊಟ್ಟೆ.

‘ಯಪ್ಪಾ, ಇವು ಬಂದ್ ಆಗ್ಯಾವ.’

‘ಇಲ್ಲಬೇ ಅವ್ವ, ನಡೀತಾವ.’ ಸುಮ್ನೆ ಇರಬಹುದಿತ್ತು. ಮೇಷ್ಟ್ರ ಬಾಯಿ, ಇರಲಿಲ್ಲ. 2011ರ ನಾಣ್ಯ ಕಾಯ್ದೆ ಅಂದೆ, ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯದಲ್ಲಿ ಒಂದು ಸಾವಿರದವರೆಗೆ ಕೊಟ್ಟರೂ ಕಾನೂನಿನ ಪ್ರಕಾರ ಸರಿ ಅಂದೆ. ಹಿಂದೆ ನಿಂತ ಇಬ್ಬರು ಬೇರೆ ಅಂಗಡಿಗೆ ಹೋದರು.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ‘ನಂಗ್ಯಾಕ ಹೇಳ್ತಿ ತಮ್ಮಾ? ಸಂಜಿಗಿ ನಾ ಊರಿಗಿ ಹೋಗಬೇಕು. ಆ ಟಂಟಂನವಗ ಹೇಳು. ಅವ ತಗೊಂಡ್ರ ನಾನೂ ತಗೋತೀನಿ.’

ಎಲ್ಲರೂ ಒಪ್ಪುವುದೇ ಹಣ ಅಂತ ನಾನು ಮೂರು ಪಿರಿಯಡ್ ಎಳೆಯುತ್ತೇನೆ. ಅಜ್ಜಿ ಟಂಟಂ ಹತ್ತಿಸಿ ಮುಗಿಸಿಬಿಟ್ಟಳು. ಆಮೇಲೆ ಬುಟ್ಟಿ ಪಕ್ಕದ ರಟ್ಟು ತೋರಿಸಿ ‘ಸ್ಕ್ಯಾನ್ ಹೊಡಿ’ ಅಂದಳು. ಕೈಯಲ್ಲಿ ಹಿಡಿದ ಲೋಹ ಸುಳ್ಳು, ಕಣ್ಣಿಗೆ ಕಾಣದ್ದು ಖರೇ! ತುಘಲಕ್ ಹಿತ್ತಾಳೆ, ತಾಮ್ರದ ನಾಣ್ಯ ಹೊರಡಿಸಿದಾಗ ಜನ ಮನೆಮನೆಯಲ್ಲೂ ಖೋಟಾ ಮಾಡಿದರಂತೆ. ನಮ್ಮ ಜನ ಸರ್ಕಾರ ಮಾಡಿದ್ದನ್ನೇ ಖೋಟಾ ಅನ್ನುತ್ತಾರೆ. ಪಾಪ ತುಘಲಕ್, ಇಷ್ಟು ದೂರ ಯೋಚಿಸಿರಲಿಲ್ಲ.

ಆ ವಾರ ಹಾಲಿನವನು, ಇಸ್ತ್ರಿಯವನು, ಮಿರ್ಚಿ ಭಜಿಯವನು ಎಲ್ಲರ ಹತ್ತಿರವೂ ಹೋಗಿಬಂದೆ. ಚೀಲ ಒಂದು ನಾಣ್ಯವೂ ಹಗುರಾಗಲಿಲ್ಲ. ಹೆಂಡತಿ ಅದನ್ನು ಹಪ್ಪಳ ಒಣಗಿಸುವ ಚಾಪೆ ಹಾರದಂತೆ ಮೂಲೆಗೆ ಇಡತೊಡಗಿದಳು. ನಮ್ಮೂರ ಬೇಸಿಗೆ ಗಾಳಿಗೆ 870 ರೂಪಾಯಿ ಒಳ್ಳೇ ಭಾರ.

ಹದಿನಾಲ್ಕನೆಯದು ಕೊನೆಗೂ ಬಂದೇನವಾಜ ದರ್ಗಾದ ಉರುಸಿನಲ್ಲಿ ಸಿಕ್ಕಿತು. ನೆಲದ ಮೇಲೆ ಬಟ್ಟೆ ಹಾಸಿ ನಾಣ್ಯ ಹರವಿಕೊಂಡಿದ್ದವನ ಹತ್ತಿರ.

‘ಅಪರೂಪದ ಕಾಯಿನ್ ಸಾಬ್. ಐವತ್ತು ರೂಪಾಯಿ.’

ಹತ್ತಕ್ಕೆ ಐವತ್ತು! ಆದರೂ ಖುಷಿಯಾಯಿತು. ಈ ಊರಲ್ಲಿ ಹತ್ತರ ನಾಣ್ಯದ ಬೆಲೆ ತಿಳಿದವನು ಒಬ್ಬನಾದರೂ ಇದ್ದಾನಲ್ಲ. ಚೌಕಾಸಿ ಮಾಡದೆ ಜೇಬಿನಿಂದ ಐದು ನಾಣ್ಯ ತೆಗೆದು ಅವನ ಅಂಗೈಯಲ್ಲಿ ಎಣಿಸಿದೆ.

ಅವನು ಒಂದೊಂದಾಗಿ ತಿರುವಿ ನೋಡಿದ. ಐದನ್ನೂ ಮೆಲ್ಲಗೆ ನನ್ನ ಕೈಗೇ ವಾಪಸ್ ಹಾಕಿದ.

‘ಇವು ನಡಿಯಂಗಿಲ್ರಿ ಸರ್. ನೋಟ್ ಇದ್ರ ಕೊಡ್ರಿ.’