‘ಖರ್ಚಿಗೆ ಪಾರ್ಟ್ ಟೈಮ್ ಇದ್ದೇ ಇರತ್ತಲ್ಲ’ ಅನ್ನುವವರಿಗೆ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರಲ್ಲ.

ಗೆಳತಿಯ ಮನೆಗೆ ಹೋಗಿದ್ದೆ. ಅವಳ ತಂಗಿ ಎಂಎಸ್ಸಿ ಓದಲು ಬ್ರಿಟನ್ನಿಗೆ ಹೊರಟಿದ್ದಾಳೆ. ಏಜೆಂಟ್ ಫೋನಿನಲ್ಲಿದ್ದರು, ಸ್ಪೀಕರ್ ಹಾಕಿದ್ದರು. ಅವರ ಅಮ್ಮ ಪಕ್ಕದಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಒಂದೊಂದೇ ಬರೆದುಕೊಳ್ಳುತ್ತಿದ್ದರು. ಫೀಸು, ಅದರ ಮುಂದೆ ಬ್ಯಾಂಕ್ ಸಾಲ. ಟಿಕೆಟ್ಟು, ಅದರ ಮುಂದೆ ಉಳಿತಾಯ. ಆಮೇಲೆ ಬಾಡಿಗೆ, ಊಟ, ಬಸ್ಸು ಮೂರನ್ನೂ ಸೇರಿಸಿ ಒಂದು ಗೆರೆ ಎಳೆದು ‘ಪಾರ್ಟ್ ಟೈಮ್’ ಅಂತ ಬರೆದರು. “ಎಲ್ಲರೂ ಹಾಗೇ ಮಾಡೋದು ಮೇಡಂ, ಆರಾಮಾಗಿ ಆಗತ್ತೆ” ಅಂದರು ಏಜೆಂಟ್. ಅಮ್ಮನ ಮುಖದಲ್ಲಿ ಎಷ್ಟು ನೆಮ್ಮದಿ! ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನಾನೂ ಅಲ್ಲೇ ಓದಿದವಳು, ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆದವಳು. ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಡಿಗ್ರಿ, ಮಾಸ್ಟರ್ಸ್ ಓದುವವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 16 ಮಾಡಿದೆ, ಮುಂದಿನ ವಾರ 24 ಮಾಡಿ ಸರಿ ಮಾಡ್ಕೋತೀನಿ ಅಂದರೆ ನಡೆಯಲ್ಲ. ಎರಡು ಕಡೆ ಕೆಲಸ ಇದ್ದರೂ ಎರಡೂ ಸೇರಿ 20 ದಾಟುವಂತಿಲ್ಲ. “ರಜೆಯಲ್ಲಿ ಫುಲ್ ಟೈಮ್ ಮಾಡಬಹುದಲ್ಲ” ಅಂತ ಏಜೆಂಟ್ ಹೇಳಿದ್ದು ಸುಳ್ಳಲ್ಲ. ಆದರೆ ಒಂದು ವರ್ಷದ ಮಾಸ್ಟರ್ಸ್‌ನವರಿಗೆ ಬೇಸಿಗೆ ಅನ್ನೋದು ಡಿಸರ್ಟೇಶನ್, ಅಂದರೆ ಕೊನೆಯ ಸಂಶೋಧನಾ ಪ್ರಬಂಧ, ಬರೆಯುವ ಕಾಲ. ಅದು ರಜೆಯಲ್ಲ, ಆಗಲೂ 20 ಗಂಟೆಯೇ. ಇದನ್ನು ಯಾಕೆ ಹೇಳಲಿಲ್ಲ?

ಅದೂ ಅಲ್ಲದೆ 20 ಗಂಟೆ ಕೆಲಸ ಕೊಡ್ತೀವಿ ಅಂತ ಯಾರೂ ಮಾತು ಕೊಟ್ಟಿಲ್ಲ. ನನಗೆ ಮೊದಲ ಕೆಲಸ ಸಿಗಲು ಏಳು ವಾರ ಬೇಕಾಯಿತು. ಸಿಕ್ಕ ಮೇಲೂ ಗುರುವಾರ ರಾತ್ರಿ ಫೋನಿಗೆ ರೋಟಾ (ಯಾರಿಗೆ ಯಾವಾಗ ಕೆಲಸ ಅನ್ನುವ ಪಟ್ಟಿ) ಬರೋವರೆಗೆ ಎದೆ ಡವಡವ. ನನ್ನ ಹೆಸರಿನ ಮುಂದೆ ಒಂದು ವಾರ 18 ಗಂಟೆ ಇದ್ದರೆ ಮುಂದಿನ ವಾರ 6. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಅಷ್ಟೇ.

ಇಲ್ಲಿವರೆಗೆ ಯಾರಿಗೂ ಹೇಳದ ಒಂದು ವಿಷಯ ಇದೆ. ಒಂದು ತಿಂಗಳು ಬಾಡಿಗೆಗೆ ಕಡಿಮೆ ಬಿತ್ತು. “ಕ್ಯಾಶ್ ಕೊಡ್ತೀನಿ, ಲೆಕ್ಕಕ್ಕೆ ಬರಲ್ಲ, ಜಾಸ್ತಿ ಮಾಡು” ಅಂದರು ಮಾಲೀಕರು. ಮಾಡಿದೆ. ಬಿಸಿ ನೀರು, ಸೋಪು, ರಾತ್ರಿ ಒಂದು ಗಂಟೆ, ಬೆರಳ ಸಂದಿಯಲ್ಲಿ ಚರ್ಮ ಸುಲಿದು ಮರುದಿನ ಪೆನ್ನು ಹಿಡಿಯೋಕೂ ಆಗ್ತಿರಲಿಲ್ಲ. ಮೂರು ವಾರದ ದುಡ್ಡು ಬರಲೇ ಇಲ್ಲ. ಕೇಳಿದ್ದಕ್ಕೆ, “ಯಾರಿಗೆ ಬೇಕಾದರೂ ದೂರು ಕೊಡು, ವೀಸಾ ಹೋಗೋದು ನಿಂದೇ” ಅಂದರು. ಸುಮ್ಮನಾದೆ. ಇವತ್ತಿಗೂ ಅದನ್ನು ನೆನೆದರೆ ಕೋಪ ಬರುತ್ತದೆ.

ಆ ನೋಟ್‌ಬುಕ್ಕಿನ ಗೆರೆ ಕೊನೆಗೆ ಬಂದು ನಿಲ್ಲುವುದು ಈ ಮಾಲೀಕರ ಮುಂದೆಯೇ. ಯೋಚನೆ ಮಾಡಿ, ವೀಸಾ ಕೊಡುವವರೇ ಪಾರ್ಟ್ ಟೈಮ್ ಸಂಬಳವನ್ನು ನಂಬುವುದಿಲ್ಲ. ಫೀಸಿನ ಜೊತೆಗೆ ಒಂಬತ್ತು ತಿಂಗಳ ಖರ್ಚಿಗಾಗುವಷ್ಟು ದುಡ್ಡು 28 ದಿನ ಬ್ಯಾಂಕಿನಲ್ಲಿ ಇರಬೇಕು ಅಂತ ಕೇಳುತ್ತಾರೆ. ಮುಂದೆ ದುಡಿಯುತ್ತೇನೆ ಅಂದರೆ ಅದನ್ನು ಸೇರಿಸಿಕೊಳ್ಳಲ್ಲ. ನಮ್ಮವರು ಏನು ಮಾಡುತ್ತಾರೆ? ಯಾರಿಂದಲೋ ಕೈಸಾಲ ತಂದು ಖಾತೆಯಲ್ಲಿ ಇಟ್ಟು ತೋರಿಸಿ, 29ನೇ ದಿನ ವಾಪಸ್ ಕೊಡುತ್ತಾರೆ. ಮಗು ಬರಿಗೈಲಿ ವಿಮಾನ ಹತ್ತುತ್ತದೆ.

ಬೇರೆ ದೇಶದಲ್ಲೂ ಕಥೆ ಇಷ್ಟೇ. ಕೆನಡಾದಲ್ಲಿ 2024ರ ನವೆಂಬರಿನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಅಮೆರಿಕದಲ್ಲಂತೂ ಮೊದಲ ವರ್ಷ ಕ್ಯಾಂಪಸ್ ಒಳಗೇ ಕೆಲಸ ಹುಡುಕಬೇಕು, ಅಲ್ಲೂ ತರಗತಿ ನಡೆಯುವಾಗ 20. ಜರ್ಮನಿಯವರು ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ಕಟ್ಟಿಹಾಕಿಸಿ ತಿಂಗಳಿಗಿಷ್ಟು ಅಂತ ಬಿಡುತ್ತಾರೆ. ನನಗೆ ಅದೇ ಸರಿ ಅನ್ನಿಸುತ್ತದೆ.

“ಕಷ್ಟಪಟ್ಟರೆ ತಾನೇ ಮಕ್ಕಳು ಗಟ್ಟಿಯಾಗೋದು, ನಾನೂ ಹಾಗೇ ಓದಿದ್ದು” ಅಂತ ಕೆಲವರು ಹೇಳ್ತೀರಿ, ಗೊತ್ತು. ಕೆಲಸ ಮಾಡಲಿ, ನಾನು ಬೇಡ ಅನ್ನುತ್ತಿಲ್ಲ. ನನಗೆ ಅಲ್ಲಿನ ಭಾಷೆಯ ಭಯ ಹೋಗಿದ್ದೇ ಆ ಅಡುಗೆಮನೆಯಲ್ಲಿ. ಆದರೆ ಇಷ್ಟವಿಲ್ಲದಿದ್ದರೆ ಬಿಡಬಹುದಾದ ಕೆಲಸ ಬೇರೆ, ಬಿಟ್ಟರೆ ರೂಮು ಹೋಗುತ್ತದೆ ಅನ್ನುವ ಕೆಲಸ ಬೇರೆ. ಎರಡನೆಯದರಲ್ಲಿ ಕೂತು ಪರೀಕ್ಷೆಗೆ ಓದಿ ನೋಡಿ, ಆಮೇಲೆ ಗಟ್ಟಿಯಾಗೋದರ ಬಗ್ಗೆ ಮಾತಾಡೋಣ.

ಹೊರಡುವಾಗ ಆ ಹುಡುಗಿ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು, “ಹಾಗಾದ್ರೆ ಹೋಗಬಾರದಾ ಅಕ್ಕಾ?” ಹೋಗು ಅಂದೆ. ಕೊನೆಪಕ್ಷ ಆರು ತಿಂಗಳ ಬಾಡಿಗೆ, ಊಟದ ದುಡ್ಡು ನಿನ್ನದೇ ಅಂತ ಕೈಯಲ್ಲಿ ಇಟ್ಟುಕೊಂಡು ಹೋಗು, ಅಷ್ಟು ಆಗದಿದ್ದರೆ ಒಂದು ವರ್ಷ ಮುಂದಕ್ಕೆ ಹಾಕು ಅಂದೆ. ಅವಳಿಗೆ ಅರ್ಧ ಮಾತ್ರ ನಂಬಿಕೆ ಬಂತು ಅನ್ನಿಸುತ್ತದೆ. ಏಜೆಂಟ್ ಅಷ್ಟು ಚೆನ್ನಾಗಿ ಮಾತಾಡುತ್ತಾರೆ.

ಶನಿವಾರ ಅವರು ಸಾಲದ ಕಾಗದಕ್ಕೆ ಸಹಿ ಹಾಕುತ್ತಾರೆ. ಹೊರಗೆ ಓದಿದವರು ನೀವು ಎಷ್ಟೊಂದು ಜನ ಇದ್ದೀರಿ ಇಲ್ಲಿ. ಮೊದಲ ಮೂರು ತಿಂಗಳು ನಿಜವಾಗಿ ಎಷ್ಟು ಗಂಟೆ ಕೆಲಸ ಸಿಕ್ಕಿತು ಅಂತ ಬರೆಯಿರಿ, ದಯವಿಟ್ಟು. ಶುಕ್ರವಾರವೇ ಅವರ ಮನೆಗೆ ಹೋಗಿ ಆ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳ್ತೀನಿ.