ಎಲ್ ಫಾಶರ್‌ನ ಮನೆ ಮಾಲೀಕರು ಎಲ್ಲಿ ಹೋದರು?

2023ರ ಏಪ್ರಿಲ್ ನೆನಪಿದೆಯಾ? ನಮ್ಮಲ್ಲಿ ಚುನಾವಣೆಯ ಬಿಸಿ. ಅದೇ ಹೊತ್ತಿಗೆ ಸುಡಾನ್‌ನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾದಾಟ ಶುರುವಾಯಿತು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡರು. ಅವರಿದ್ದದ್ದು ಪಶ್ಚಿಮ ಸುಡಾನ್‌ನ ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್‌ನಲ್ಲಿ; ಆ ಊರಿನ ಹೆಸರು ನಾನು ಕೇಳಿದ್ದೇ ಆಗ. ಅವರನ್ನು ಕರೆತನ್ನಿ ಅಂತ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ಇದರಲ್ಲಿ ರಾಜಕೀಯ ಬೇಡ ಅಂತ ವಿದೇಶಾಂಗ ಸಚಿವ ಜೈಶಂಕರ್ ಸಿಟ್ಟಾದರು, ಹಡಗು, ವಿಮಾನಗಳಲ್ಲಿ ಭಾರತೀಯರನ್ನು ಕರೆತರುವ 'ಆಪರೇಷನ್ ಕಾವೇರಿ' ನಡೆಯಿತು, ನಮ್ಮವರು ಮನೆ ಸೇರಿದರು. ಒಳ್ಳೆಯದೇ ಆಯಿತು. ಅಲ್ಲಿಗೆ ನಮ್ಮ ಟಿವಿಗಳಿಂದ ಸುಡಾನ್ ಮಾಯ.

ಆ ಊರಿನವರನ್ನು ಕರೆದೊಯ್ಯಲು ಮಾತ್ರ ಯಾವ ಹಡಗೂ ಬರಲಿಲ್ಲ.

2024ರಲ್ಲಿ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. ಸುಮಾರು ಒಂದೂವರೆ ವರ್ಷ. ಕೊನೆಕೊನೆಗೆ ಜನ ಹೊಟ್ಟೆಗೆ ಹಾಕಿಕೊಂಡದ್ದು ಅಂಬಾಜ್. ಹಾಗಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ನಮ್ಮ ಮನೆಯಲ್ಲಿ ಸಂಜೆ ಬಕೆಟ್‌ಗೆ ನೆನೆಹಾಕಿ ಎಮ್ಮೆ ಮುಂದೆ ಇಡುತ್ತಿದ್ದೆವಲ್ಲ, ಅದೇ. ಕಲಸಿದರೆ ಕೈಯ ಕಮಟು ಸೋಪಿಗೂ ಹೋಗುತ್ತಿರಲಿಲ್ಲ. ಅಲ್ಲಿ ಅದಕ್ಕೂ ಪರದಾಟ.

2025ರ ಅಕ್ಟೋಬರ್ 26ಕ್ಕೆ ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಜೀವ ಉಳಿದವರು ಸುಮಾರು 60 ಕಿ.ಮೀ. ಆಚೆಯ ತವಿಲಾ ಕಡೆ ಹೊರಟರು. ದಾರಿಯಲ್ಲಿ ಆರ್‌ಎಸ್‌ಎಫ್‌ನವರು ಗಂಡಸರನ್ನು, ಹುಡುಗರನ್ನು ಬೇರೆ ಮಾಡಿ ನಿಲ್ಲಿಸಿದರು. ಎಷ್ಟೋ ಕುಟುಂಬಗಳಲ್ಲಿ ತವಿಲಾ ಮುಟ್ಟಿದ್ದು ಹೆಂಗಸರು, ಮಕ್ಕಳು ಮಾತ್ರ.

ಇದನ್ನೂ ನಾವು 'ವಲಸೆ' ಅಂತಲೇ ಬರೆಯುತ್ತೇವೆ. ನನ್ನ ತಕರಾರು ಅದೇ. ರಾಯಚೂರು ಕಡೆಯಿಂದ ಗುಳೆ ಹೋಗುವವರು ಬೀಗ ಹಾಕಿ, ಮುದುಕರಿಗೆ ಮನೆ ಕಡೆ ನೋಡ್ಕೊಳ್ಳಿ ಅಂತ ಹೇಳಿ ಬಸ್ ಹತ್ತುತ್ತಾರೆ. ಜಾತ್ರೆಗೆ ಬರುತ್ತಾರೆ. ಅದೂ ಕಷ್ಟವೇ, ಸುಮ್ನೆ ಹೋಲಿಸುತ್ತಿಲ್ಲ. ಆದರೆ ಮನೆ ನೋಡಿಕೊಳ್ಳಲು ಊರಲ್ಲಿ ಯಾರೋ ಇರುತ್ತಾರೆ. ಎಲ್ ಫಾಶರ್‌ನಲ್ಲಿ ಪಕ್ಕದ ಮನೆಯವರೂ ಅದೇ ದಾರಿಯಲ್ಲಿ ಓಡುತ್ತಿದ್ದರು. ಇದಕ್ಕೆ ವಲಸೆ ಅನ್ನೋದು ಸರಿಯಾ? ಹೊರದಬ್ಬಿದ್ದು ಅನ್ನಬೇಕು, ಅಲ್ವಾ?

ಊರ ಪಕ್ಕದಲ್ಲೇ ಜಮ್ಜಮ್ ಶಿಬಿರವಿತ್ತು. 2003ರ ದಾರ್ಫುರ್ ಯುದ್ಧದಲ್ಲಿ ಹಳ್ಳಿ ಕಳೆದುಕೊಂಡವರು ಅಲ್ಲಿ 20 ವರ್ಷ ಬಾಳಿದರು. ಮದುವೆ, ಬಾಣಂತನ ಎಲ್ಲ ಅಲ್ಲೇ. 2025ರ ಏಪ್ರಿಲ್‌ನಲ್ಲಿ ಅದರ ಮೇಲೂ ದಾಳಿಯಾಯಿತು. ಅಜ್ಜಿ ಓಡಿದ ಹಾಗೆ ಮೊಮ್ಮಗಳೂ ಓಡಿದಳು, ಅಜ್ಜಿ ಇದ್ದರೆ ಅವಳ ಜೊತೆಗೇ. ಈ ಯುದ್ಧದಲ್ಲಿ ಮನೆ ಬಿಟ್ಟವರು 1 ಕೋಟಿಗೂ ಜಾಸ್ತಿ.

ಎಲ್ ಫಾಶರ್‌ನಲ್ಲಿ ನಮ್ಮವರಿಗೆ ತಲೆ ಮೇಲೆ ಸೂರು ಕೊಟ್ಟವರು ಯಾರು, ಮೂಲಿಕೆ ಕೊಂಡವರು ಯಾರು, ಆ ಬೀದಿಯಲ್ಲಿ ಎಷ್ಟು ಮಕ್ಕಳಿದ್ದರು? ವಾಪಸ್ ಬಂದ ಹಕ್ಕಿಪಿಕ್ಕಿ ಜನರಿಗೆ ಗೊತ್ತಿರುತ್ತದೆ. ಮೈಕ್ ಹಿಡಿದು ಹೋಗಿ ಅದನ್ನು ಕೇಳಿದ ಒಂದು ಚಾನೆಲ್ಲನ್ನೂ ನಾನು ನೋಡಲಿಲ್ಲ.