ಬಾಳೆಹಣ್ಣು ಹೋಗಿ ಬ್ಯಾಲೆನ್ಸ್ ಶೀಟ್ ಬಂತು, ಡುಂ ಡುಂ ಡುಂ

ನಮ್ಮಕ್ಕನ ಮಗ ಸಿಎ ಓದುತ್ತಿದ್ದಾನೆ. ಅಕ್ಕನಿಗೆ ಅದೇ ದೊಡ್ಡ ಹೆಮ್ಮೆ. ಆದರೆ ಹುಡುಗ ಲೆಕ್ಕಪತ್ರ ಕಲಿತದ್ದು ಕಾಲೇಜಿನಲ್ಲಲ್ಲ, ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಯಾಗಿ. ಇದು ನನಗೆ ಮಾತ್ರ ಗೊತ್ತು.

ಒಂದು ಭಾನುವಾರ ತಿಳಿನೀಲಿ ಜೆರ್ಸಿ ಹಾಕಿಕೊಂಡು ಮನೆಗೆ ಬಂದ. ಬೆನ್ನಿನ ಮೇಲೆ ಗ್ರೀಲಿಷ್ ಅಂತ ಹೆಸರು. "ಇವನಿಗೆ ಹತ್ತು ಕೋಟಿ ಪೌಂಡ್ ಕೊಟ್ಟರಂತಲ್ಲೋ, ಜಾಸ್ತಿ ಆಗಲಿಲ್ವಾ?" ಅಂತ ಸುಮ್ನೆ ಕೇಳಿದೆ.

"ಹಾಗೆ ನೋಡಬಾರದು ಮಾಮ. ಆರು ವರ್ಷದ ಒಪ್ಪಂದ. ಪುಸ್ತಕದಲ್ಲಿ ವರ್ಷಕ್ಕೆ ಒಂದು ಕೋಟಿ ಅರವತ್ತಾರು ಲಕ್ಷ ಚಿಲ್ಲರೆ, ಅಷ್ಟೇ."

"ಓ, ಕಂತಿನ ಮೇಲೆ ತಗೊಂಡಿದ್ದಾರಾ? ನಮ್ಮ ಫ್ರಿಜ್ ಥರ?"

"ಕಂತಲ್ಲ ಮಾಮ. ಅಮಾರ್ಟೈಸೇಷನ್. ಕೊಂಡ ಬೆಲೆಯನ್ನ ಒಪ್ಪಂದದ ವರ್ಷಗಳಿಗೆ ಹಂಚಿ ಪುಸ್ತಕದಲ್ಲಿ ಬರೆಯೋದು."

ಕೈಲಿದ್ದ ಚಕ್ಕುಲಿ ತಟ್ಟೆಗೆ ಹಾಕಿ ಇಪ್ಪತ್ತು ನಿಮಿಷ ವಿವರಿಸಿದ. ಗ್ರೀಲಿಷ್ ಯಾವ ಕಾಲಲ್ಲಿ ಚೆಂಡು ಒದೆಯುತ್ತಾನೆ ಅನ್ನೋ ಮಾತು ಅದರಲ್ಲಿ ಒಂದು ಸಲವೂ ಬರಲಿಲ್ಲ.

ಅವನ ತಪ್ಪಲ್ಲ ಬಿಡಿ. ಅವನು ಹುಟ್ಟಿದ್ದು 2003ರಲ್ಲಿ. ಸಿಟಿ ತನ್ನ ಹಳೇ ಮೇನ್ ರೋಡ್ ಮೈದಾನ ಬಿಟ್ಟ ವರ್ಷ ಅದು. ಇವನಿಗೆ ಬುದ್ಧಿ ಬರುವ ಹೊತ್ತಿಗೆ ಕ್ಲಬ್ಬಿಗೆ ದುಡ್ಡು ಬಂದಾಗಿತ್ತು. ಹಾಗಾಗಿ ಸಿಟಿ ಅಂದರೆ ಗೆಲ್ಲುವ ತಂಡ ಅಂತಲೇ ಅವನು ನಂಬಿದ್ದಾನೆ.

ಆದರೆ ಸಿಟಿಯ ನಿಜವಾದ ಕಸುಬು ಇದ್ದದ್ದು ಸೋಲುವುದರಲ್ಲಿ. ಸುಮ್ಮಸುಮ್ಮನೆ ಸೋಲುವುದಲ್ಲ, ಅದಕ್ಕೊಂದು ಕಲೆ ಇತ್ತು. 1937ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆದರು. ಮರುವರ್ಷವೇ ಕೆಳಗಿನ ಡಿವಿಜನ್‌ಗೆ ಬಿದ್ದರು. ಆ ವರ್ಷ ಇಡೀ ಡಿವಿಜನ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರೂ ಅವರೇ. ಎಂಬತ್ತು! ಅಷ್ಟೊಂದು ಹೊಡೆದೂ ಮುಳುಗಿದರು ನೋಡಿ.

1996ರ ಕೊನೇ ಪಂದ್ಯ ಇನ್ನೂ ಚೆನ್ನಾಗಿದೆ. ಎದುರಿಗೆ ಲಿವರ್‌ಪೂಲ್, ಸ್ಕೋರು 2-2. ಡ್ರಾ ಆದರೆ ಸಾಕು, ಉಳಿದುಕೊಳ್ಳುತ್ತೇವೆ ಅಂತ ಯಾರೋ ಹೇಳಿದರು. ಆಟಗಾರರು ಚೆಂಡನ್ನು ಮೂಲೆಗೆ ತಗೊಂಡು ಹೋಗಿ ಟೈಮ್‌ಪಾಸ್ ಮಾಡತೊಡಗಿದರು. ಅಷ್ಟರಲ್ಲಿ ಬದಲಿಯಾಗಿ ಹೊರಗೆ ಹೋಗಿದ್ದ ನೈಲ್ ಕ್ವಿನ್ ಒಳಗೆ ಟಿವಿ ನೋಡಿದ. ಬೇರೆ ಪಂದ್ಯಗಳ ಸ್ಕೋರು ಹಾಗಿಲ್ಲ, ಗೆಲ್ಲಲೇಬೇಕು! ಓಡಿ ಬಂದು ಗೆರೆಯ ಪಕ್ಕ ನಿಂತು ಬಾಯಿ ಬಡಿದುಕೊಂಡ. ಹೊತ್ತು ಮೀರಿತ್ತು. ತಂಡ ಮುಳುಗಿತು.

ಇಂಥ ತಂಡಕ್ಕೆ ಅಭಿಮಾನಿಗಳಾಗಿ ಹುಚ್ಚು ಹಿಡಿಯದೆ ಬದುಕಬೇಕಾದರೆ ಒಂದೇ ದಾರಿ: ತಮ್ಮನ್ನು ನೋಡಿ ತಾವೇ ನಗುವುದು. 1988ರ ಕ್ರಿಸ್‌ಮಸ್ ಮರುದಿನ ಸಾವಿರಾರು ಜನ ಸ್ಟೋಕ್ ಊರಿಗೆ ಹೋದರು, ಕೈಯಲ್ಲಿ ಗಾಳಿ ತುಂಬಿದ ರಬ್ಬರ್ ಬಾಳೆಹಣ್ಣು ಹಿಡಿದು. ಆಟಗಾರರೂ ಬಾಳೆಹಣ್ಣು ಹಿಡಿದೇ ಮೈದಾನಕ್ಕೆ ಬಂದರು. ಪಂದ್ಯ 3-1ರಲ್ಲಿ ಸೋತರು. ಅದರಿಂದ ಯಾರ ಖುಷಿಗೂ ಕುಂದು ಬಂದಂತೆ ಕಾಣಲಿಲ್ಲ. ಮುಂದೆ 1998ರಲ್ಲಿ ಮೂರನೇ ದರ್ಜೆಗೆ ಬಿದ್ದಾಗಲೂ ಮೇನ್ ರೋಡ್‌ನಲ್ಲಿ ಪಂದ್ಯಕ್ಕೆ ಸರಾಸರಿ 28,000ಕ್ಕೂ ಹೆಚ್ಚು ಜನ ಸೇರುತ್ತಿದ್ದರು. ಅವರಿಗೊಂದು ಪ್ರಿಯವಾದ ಹಾಡಿತ್ತು: ನಾವು ನಿಜಕ್ಕೂ ಇಲ್ಲಿ ಇಲ್ಲವೇ ಇಲ್ಲ ಅಂತ ಅದರ ಸಾರಾಂಶ. ಮರ್ಯಾದೆ ಹೋದ ಜಾಗದಲ್ಲಿ ನಿಂತು ನಾನಲ್ಲ ಅನ್ನೋದು. ಈ ರುಚಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೇಳು ವರ್ಷ "ಈ ಸಲ ಕಪ್ ನಮ್ದೇ" ಅಂದವರು ನಾವು.

2008ರ ಸೆಪ್ಟೆಂಬರ್ 1ರಂದು ಅಬುಧಾಬಿಯ ಶೇಖ್ ಮನ್ಸೂರ್ ಅವರ ಕಂಪನಿ ಕ್ಲಬ್ಬನ್ನು ಕೊಳ್ಳುವ ಸುದ್ದಿ ಬಂತು. ಸಂಜೆಯೊಳಗೆ ಬ್ರೆಜಿಲ್‌ನ ರೊಬಿನ್ಯೊ ಮೂರು ಕೋಟಿ ಇಪ್ಪತ್ತೈದು ಲಕ್ಷ ಪೌಂಡಿಗೆ ಬಂದೇಬಿಟ್ಟ. ಎಷ್ಟು ಅವಸರ ಅಂದರೆ, ಚೆಲ್ಸಿ ಒಳ್ಳೇ ಆಫರ್ ಕೊಟ್ಟಿತು, ಒಪ್ಪಿಕೊಂಡೆ ಅಂತ ಪತ್ರಕರ್ತರ ಮುಂದೆ ಬೇರೆ ಕ್ಲಬ್ಬಿನ ಹೆಸರು ಹೇಳಿದ! ಸಿಟಿ ಅಭಿಮಾನಿಗಳು ಅಡುಗೆಮನೆಯ ಟವೆಲ್ಲನ್ನು ಅರಬ್ಬರ ಥರ ತಲೆಗೆ ಸುತ್ತಿಕೊಂಡು ಮೈದಾನಕ್ಕೆ ಬಂದರು. ಆಗಲೂ ಅದು ತಮಾಷೆಯೇ. ಲಾಟರಿ ಹೊಡೆದ ಬಡವ ತನ್ನನ್ನು ತಾನೇ ಅಣಕಿಸಿಕೊಂಡ ಹಾಗೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತಾರೆ. ಈ ಗಾದೆ ಮ್ಯಾಂಚೆಸ್ಟರಿಗೆ ನಡೆಯುವುದಿಲ್ಲ. ಅಲ್ಲಿ ಅರ್ಧರಾತ್ರೀಲೂ ಮಳೆ. ಬದಲಾದದ್ದು ಕೊಡೆಯಲ್ಲ, ನಗು. 2012ರಲ್ಲಿ ಅಗುಯೆರೊ ಕೊನೇ ಕ್ಷಣದಲ್ಲಿ ಗೋಲು ಹೊಡೆದು 44 ವರ್ಷದ ಮೇಲೆ ಲೀಗ್ ಗೆದ್ದುಕೊಟ್ಟಾಗ ಅತ್ತವರೆಲ್ಲ ಮೂರನೇ ದರ್ಜೆಯನ್ನು ಕಣ್ಣಾರೆ ಕಂಡವರು. ಆ ಅಳುವಿಗೆ ನಾನು ಈಗಲೂ ತಲೆಬಾಗುತ್ತೇನೆ. ಆಮೇಲಿನ ಕಪ್ಪುಗಳನ್ನು ಎಣಿಸೋಕೇ ಒಬ್ಬ ಗುಮಾಸ್ತ ಬೇಕು.

ಅಭಿಮಾನಿಗಳೇ ಗುಮಾಸ್ತರಾದರು.

ಕಾರಣ ಇದೆ. ಯುರೋಪಿನ ಫುಟ್‌ಬಾಲ್ ಮಂಡಳಿ ಯುಇಎಫ್‌ಎ ದೊಡ್ಡ ದೊಡ್ಡ ವಕೀಲರನ್ನು ಕೂರಿಸಿ ಒಂದು ನಿಯಮ ಬರೆಸಿತು. ನಮ್ಮಜ್ಜಿಗೆ ಅದು ಬಾಯಿಪಾಠ ಇತ್ತು: ಹಾಸಿಗೆ ಇದ್ದಷ್ಟು ಕಾಲು ಚಾಚು. ಸಿಟಿ ಮೇಲಿನ ದೂರು ಏನೆಂದರೆ, ಕಾಲು ಮಡಿಸುವ ಬದಲು ಮಾಲೀಕರ ಮನೆಯಿಂದಲೇ ಹಾಸಿಗೆ ತರಿಸಿ, ಪುಸ್ತಕದಲ್ಲಿ ಪ್ರಾಯೋಜಕರು ಕೊಟ್ಟ ಹಾಸಿಗೆ ಅಂತ ಬರೆದರು ಅಂತ. ಕ್ಲಬ್ಬು ಇಲ್ಲವೇ ಇಲ್ಲ ಅಂತು. 2020ರ ಫೆಬ್ರವರಿಯಲ್ಲಿ ಎರಡು ವರ್ಷದ ನಿಷೇಧ ಬಿತ್ತು. ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ತೆಗೆದುಹಾಕಿ, ಮೂರು ಕೋಟಿ ಯುರೋ ದಂಡವನ್ನು ಒಂದು ಕೋಟಿಗೆ ಇಳಿಸಿತು. 2023ರ ಫೆಬ್ರವರಿ 6ರಂದು ಪ್ರೀಮಿಯರ್ ಲೀಗೇ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. 115 ಅನ್ನೋ ಸಂಖ್ಯೆ ಎಲ್ಲರ ಬಾಯಲ್ಲಿ ಕೂತಿತು. ಕ್ಲಬ್ಬು ಅದನ್ನೂ ಅಲ್ಲಗಳೆಯಿತು.

ಆರೇ ದಿನ ಕಳೆದು ಆಸ್ಟನ್ ವಿಲ್ಲಾ ಜೊತೆ ತವರಿನ ಪಂದ್ಯ. ಗ್ಯಾಲರಿಯಲ್ಲಿ ದೊಡ್ಡ ಬ್ಯಾನರ್ ಏರಿತು. ಅದು ಗೋಲು ಹೊಡೆದವನದಲ್ಲ, ಕೋಚಿನದೂ ಅಲ್ಲ. ಕ್ಲಬ್ಬಿನ ವಕೀಲರದು! ಲಾರ್ಡ್ ಪ್ಯಾನಿಕ್ ಅಂತ ಹೆಸರು. ಇಂಗ್ಲಿಷಿನಲ್ಲಿ ಪ್ಯಾನಿಕ್ ಅಂದರೆ ಗಾಬರಿ, ಹಾಗಾಗಿ ಲಂಡನ್ ಬೀದಿಗಳಲ್ಲಿ ಪ್ಯಾನಿಕ್ ಅಂತ ಶ್ಲೇಷೆ ಮಾಡಿ ಬರೆದಿದ್ದರು. ಶ್ಲೇಷೆ ಚೆನ್ನಾಗಿದೆ, ಹಳೇ ಸಿಟಿಯ ಜಾಣತನ ಅಷ್ಟರಮಟ್ಟಿಗೆ ಉಳಿದಿದೆ. ಆದರೂ ಯೋಚನೆ ಮಾಡಿ. ನಮ್ಮ ಕಡೆ ಮೂವತ್ತು ವರ್ಷದ ಜಮೀನು ವ್ಯಾಜ್ಯ ಗೆದ್ದವರು ಕೂಡ ವಕೀಲರ ಕಟೌಟ್ ನಿಲ್ಲಿಸಿ ಹಾಲು ಸುರಿದಿದ್ದನ್ನು ನಾನು ಕೇಳಿಲ್ಲ. ಫೀಸು ಕೊಡೋದೇ ಕಷ್ಟ.

ಇನ್ನು ಚಾಂಪಿಯನ್ಸ್ ಲೀಗ್. ಯುಇಎಫ್‌ಎ ನಡೆಸುವ ಟೂರ್ನಿ ಅದು. ದುಡ್ಡು ಬಂದಾಗಿನಿಂದ ಕ್ಲಬ್ಬು ಬಾಯಿಬಿಟ್ಟುಕೊಂಡು ಕಾದದ್ದು ಇದೊಂದೇ ಕಪ್ಪಿಗೆ. ಆದರೆ ಆ ಟೂರ್ನಿಯ ಗೀತೆ ಶುರುವಾದ ಕೂಡಲೇ ಇಡೀ ಸ್ಟೇಡಿಯಂ "ಬೂ" ಅನ್ನುತ್ತದೆ. ಯುಇಎಫ್‌ಎ ಮೇಲಿನ ಸಿಟ್ಟು. ಮದುವೆಗೆ ಹೋಗಿ ಓಲಗದವರನ್ನು ಬೈದು ಊಟಕ್ಕೆ ಮೊದಲ ಪಂಕ್ತೀಲಿ ಕೂತ ಹಾಗೆ. ನಮ್ಮ ಹುಡುಗ ರಾಜಾಜಿನಗರದ ಮನೇಲಿ, ರಾತ್ರಿ ಒಂದೂವರೆಗೆ, ಟಿವಿ ಮುಂದೆ ಎದ್ದು ನಿಂತು "ಬೂ" ಅನ್ನುತ್ತಾನೆ. ಒಳಗಿನಿಂದ ಅಕ್ಕ, "ಯಾಕೋ, ಹೊಟ್ಟೆನೋವಾ? ಓಮದ ನೀರು ಕೊಡ್ಲಾ?" ಅನ್ನುತ್ತಾಳೆ.

ಕುರ್ಚಿಗಳ ವಿಷಯವೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಇದೇ ಟೂರ್ನಿಯಲ್ಲಿ ಲೈಪ್‌ಜಿಗ್ ತಂಡವನ್ನು 6-3ರಿಂದ ಚಚ್ಚಿದರು. ಒಂದೇ ರಾತ್ರಿ ಒಂಬತ್ತು ಗೋಲು. ಬಂದವರು 38,062 ಜನ. ಆಗ ಐವತ್ತಮೂರು ಸಾವಿರ ಹಿಡಿಯುತ್ತಿದ್ದ ಸ್ಟೇಡಿಯಂ. ಕೋಚ್ ಗ್ವಾರ್ಡಿಯೋಲಾ ಮುಂದಿನ ಪಂದ್ಯಕ್ಕೆ ಇನ್ನಷ್ಟು ಜನ ಬನ್ನಿ ಅಂದರು. ವಾರದ ಮಧ್ಯೆ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಮನೆ ಸೇರೋ ಕಷ್ಟ ಅವರಿಗೇನು ಗೊತ್ತು ಅಂತ ಅಭಿಮಾನಿ ಸಂಘದಿಂದ ಖಾರವಾದ ಉತ್ತರ ಬಂತು. ಉತ್ತರ ಸರಿಯೇ. ಟಿಕೆಟ್ ದುಡ್ಡು ಬೇರೆ. ಆದರೆ ಬೇರೆ ತಂಡದವರು ಬಿಡುತ್ತಾರಾ? ಖಾಲಿ ಕುರ್ಚಿ ತೋರಿಸಿ ಎತಿಹಾದ್ ಸ್ಟೇಡಿಯಮ್ಮಿಗೇ "ಎಂಪ್ಟಿಹ್ಯಾಡ್" ಅಂತ ಹೆಸರಿಟ್ಟರು. ಎಂಪ್ಟಿ ಅಂದರೆ ಖಾಲಿ.

ನಾವು ನಿಜಕ್ಕೂ ಇಲ್ಲಿ ಇಲ್ಲ ಅನ್ನೋ ಆ ಹಳೇ ಹಾಡು ಈಗ ಸರಿಯಾಗಿ ಹೊಂದುವುದು ಮಾಲೀಕರಿಗೇ. ಶೇಖ್ ಸಾಹೇಬರು 2010ರ ಆಗಸ್ಟ್‌ನಲ್ಲಿ ಲಿವರ್‌ಪೂಲ್ ಜೊತೆಗಿನ ಪಂದ್ಯಕ್ಕೆ ಬಂದಿದ್ದರು. ಆಮೇಲೆ ದರ್ಶನ ಕೊಟ್ಟದ್ದು 2023ರಲ್ಲಿ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ಗೆ. ತವರಿನ ಸ್ಟೇಡಿಯಂನಲ್ಲಿ ಮಾತ್ರ ಅವರಿಗೆ ಧನ್ಯವಾದ ಹೇಳುವ ಬ್ಯಾನರ್ ವರ್ಷಗಟ್ಟಲೆ ತೂಗಾಡಿತು. ಉದ್ಭವಮೂರ್ತಿಯೂ ಭಕ್ತರಿಗೆ ಇದಕ್ಕಿಂತ ಬೇಗ ಕಾಣಿಸಿಕೊಳ್ಳುತ್ತದೆ.

ಬರೀ ಸಿಟಿಯವರನ್ನು ಅಂದರೆ ಪಾಪ ಸುತ್ತಿಕೊಳ್ಳುತ್ತದೆ. 2021ರಲ್ಲಿ ಸೌದಿ ದುಡ್ಡು ನ್ಯೂಕ್ಯಾಸಲ್‌ಗೆ ಬಂದಾಗ ಅಲ್ಲಿಯವರೂ ತಲೆಗೆ ಟವೆಲ್ ಸುತ್ತಿದರು. ಅರಬ್ಬರ ವೇಷ ಬೇಡ ಅಂತ ಕ್ಲಬ್ಬು ಪ್ರಕಟಣೆ ಕೊಟ್ಟಿತು. ಎರಡು ಮೂರು ದಿನದಲ್ಲಿ, ಇಷ್ಟ ಇದ್ದವರು ಹಾಕಿಕೊಳ್ಳಿ ಅಂತ ಇನ್ನೊಂದು ಪ್ರಕಟಣೆ. ಪಕ್ಕದ ಊರಿನವರು ಎಲ್ಲವನ್ನೂ ಬೈಯುತ್ತಾರೆ. ಅದೇ ಬಾಯಲ್ಲಿ, ನಮಗೂ ಯಾವಾಗ ಒಬ್ಬ ಶೇಖ್ ಸಿಗ್ತಾನೋ ಅಂತ ನಿಟ್ಟುಸಿರು ಬಿಡುತ್ತಾರೆ.

2024ರ ನವೆಂಬರ್‌ನಲ್ಲಿ ನನಗೆ ಒಂದು ಆಸೆ ಚಿಗುರಿತು. ಸಿಟಿ ಸಾಲಾಗಿ ಐದು ಪಂದ್ಯ ಸೋತಿತ್ತು. 26ರಂದು ಫೆಯನೂರ್ಡ್ ಜೊತೆ ತವರಿನಲ್ಲಿ ಆಟ. ನಮಗೆ ಆಗಲೇ 27ರ ಬೆಳಗಿನ ಜಾವ. ಅಕ್ಕನ ಮನೇಲೇ ಉಳಿದಿದ್ದೆ. ಎಪ್ಪತ್ತೈದನೇ ನಿಮಿಷದ ತನಕ 3-0 ಮುಂದೆ. ಆಮೇಲೆ ಒಂದು ಬಿಟ್ಟರು. ಎರಡು ಬಿಟ್ಟರು. ಎಂಬತ್ತೊಂಬತ್ತನೇ ನಿಮಿಷಕ್ಕೆ 3-3.

ನಾನು ಸೋಫಾದಿಂದ ಎದ್ದು ಕುಣಿದೇಬಿಟ್ಟೆ. "ಲೋ, ಇದು ಕಣೋ ನಿನ್ನ ತಂಡ! ನಿನ್ನ ತಂಡದ ಅಸಲಿ ಮುಖ ಇದು! 1996 ಗೊತ್ತಾ ನಿಂಗೆ?" ನೈಲ್ ಕ್ವಿನ್ ಕಥೆ, ಸ್ಟೋಕ್ ಕಥೆ, ಬಾಳೆಹಣ್ಣು, ಎಲ್ಲಾ ಒಂದೇ ಉಸಿರಿನಲ್ಲಿ ಹೇಳಿದೆ. ಅಡುಗೆಮನೇಲಿ ಎರಡು ಏಲಕ್ಕಿ ಬಾಳೆಹಣ್ಣು ಇದ್ದವು. ತಂದು ಒಂದನ್ನು ಅವನ ಕೈಗಿಟ್ಟೆ.

ಸಿಪ್ಪೆ ಸುಲಿದು ತಿಂದ. ನಗಲಿಲ್ಲ. "ಜನವರೀಲಿ ಆಟಗಾರರನ್ನ ಕೊಳ್ಳೋ ವಿಂಡೋ ಓಪನ್ ಆಗುತ್ತೆ ಮಾಮ. ಸರಿ ಹೋಗುತ್ತೆ. ಮಲಗಿ" ಅಂದ.

ಜನವರಿಯಲ್ಲಿ ಖುಸಾನೊವ್ ಬಂದ. ವಿಟೊರ್ ರೇಸ್ ಬಂದ. ಮಾರ್ಮೂಷ್ ಬಂದ. ಫೆಬ್ರವರಿ ಮೊದಲ ವಾರಕ್ಕೆ ನಿಕೊ ಗೊನ್ಸಾಲೆಸ್. ಎದೆ ಝಲ್ಲೆನ್ನುವಷ್ಟು ಖರ್ಚು. ಏನೋ ಇದು ಅಂತ ಮೆಸೇಜ್ ಹಾಕಿದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು.

"ಎಲ್ಲಾ ನಾಲ್ಕೂವರೆ ವರ್ಷದ ಒಪ್ಪಂದ ಮಾಮ. ಭಾಗಿಸಿ ನೋಡಿ."